ಪುನಸ್ಸಮಾಗಮವೂ ಚಿತ್ತದ್ರುತಿಯೂ: ‘ವಂಶವೃಕ್ಷ’ದ ಕಡೆಯ ಪ್ರಕರಣದ ವಿಚಾರ

ಅಗಲಿದ ಕುಟುಂಬದವರು ಕಡೆಗೆ ಒಂದುಗೂಡುವ ಕಥೆಯನ್ನು ಓದಿ ಮುಗಿಸಿದವರು “ಮನಸ್ಸು ಕರಗಿತು” ಎಂದು ಹೇಳುವುದುಂಟು. ವಿಮರ್ಶಕರು ಈ ಮಾತನ್ನು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಕಣ್ಣೀರು ಸುಲಭವಾಗಿ ಬರತಕ್ಕದ್ದಾದ್ದರಿಂದ ಅದು ಗ್ರಂಥದ ಗುಣಕ್ಕೆ ಪ್ರಮಾಣವಾಗಲಾರದೆಂಬುದು ಅವರ ಆಶಯ. ಆದರೆ ಕರಗುವಿಕೆಯೆಂಬುದು ನಮ್ಮ ಅಲಂಕಾರಶಾಸ್ತ್ರದಲ್ಲಿ ಲಕ್ಷಣಪೂರ್ವಕವಾಗಿ ನಿರೂಪಿತವಾದ ವಿಷಯ. ಚಿತ್ತದ ದ್ರುತಿಗೆ ಕಾರಣವಾದ ಗುಣವನ್ನು ಮಾಧುರ್ಯವೆಂದು ಕರೆದು, ಅದು ಸಂಭೋಗಶೃಂಗಾರದಲ್ಲಿರುವುದಕ್ಕಿಂತ ಕರುಣ, ವಿಪ್ರಲಂಭ, ಶಾಂತಗಳಲ್ಲಿ ಅತಿಶಯವಾಗಿರುತ್ತದೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಹೇಳಿದ್ದಾನೆ. ಆದಕಾರಣ ಓದುಗನ ಮನಸ್ಸು ಕರಗಿತೆಂದ ಮಾತ್ರಕ್ಕೆ ವಿಚಾರವು ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುತ್ತದೆ. ಕರಗಿಸಿದ್ದು ಯಾವ ರಸ? ಕರುಣವೇ, ವಿಪ್ರಲಂಭದ ಜಾತಿಯ ಮತ್ತೊಂದು ಭಾವವೇ, ಅಥವಾ ಶಾಂತವೇ? ಈ ಪ್ರಶ್ನೆಯನ್ನು ಕೇಳಿದೊಡನೆ ಎರಡು ಪುನಸ್ಸಮಾಗಮದ ಕಥೆಗಳು ಒಂದೇ ಬಗೆಯವಲ್ಲವೆಂಬುದು ತೋರಿಬರುತ್ತದೆ.

ಈ ವಿಚಾರಕ್ಕೆ ನಾವು ಆರಿಸಿಕೊಂಡಿರುವುದು ಶ್ರೀ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು. ೧೯೬೫ರಲ್ಲಿ ಪ್ರಕಟವಾದ ಈ ಕಾದಂಬರಿ ೧೯೭೨ರಲ್ಲಿ ಚಲನಚಿತ್ರವೂ ಆಗಿ, ಗ್ರಂಥವನ್ನು ಓದದವರಿಗೂ ಇದರ ಕಥೆ ತಿಳಿದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಸೀಮೆಗಳ ಕನ್ನಡೋಪಾಧ್ಯಾಯ ಮಿತ್ರರೊಡನೆ ಇದರ ಕಡೆಯ ಪ್ರಕರಣವನ್ನು ಕುರಿತು ಮಾತನಾಡುವ ಅವಕಾಶ ನಮಗೆ ಹಲವು ಸಲ ದೊರೆತಿದೆ. ಅವರಲ್ಲಿ ಎರಡು ಪಕ್ಷಗಳು. ಪುನರ್ವಿವಾಹ ಮಾಡಿಕೊಂಡ ವಿಧವೆಗೆ ಗ್ರಂಥಕರ್ತರು ವಿಧಿಸಿದ ದಂಡನೆಯೇ ಈ ಪ್ರಕರಣವೆಂದು ಒಂದು ಪಕ್ಷ. ಕಳೆದುಕೊಂಡಿದ್ದ ಮಗನನ್ನು ತಾಯಿ ಕಡೆಯ ಗಳಿಗೆಯಲ್ಲಾದರೂ ಪಡೆದಳಾದ್ದರಿಂದ ಇದು ಮಂಗಳಾಂತವೆಂದು ಮತ್ತೊಂದು ಪಕ್ಷ. ಇದನ್ನು ಬರಿಯ ಪಂಡಿತರ ಚರ್ಚೆಯೆಂದು ತಿಳಿಯಬಾರದು. ತರಗತಿಯಲ್ಲಿ ಕುಳಿತು ಈ ಪಾಠವನ್ನು ಕೇಳುವ ಮಕ್ಕಳಲ್ಲಿ ತಾಯಿಯನ್ನು ಅಗಲಿದವರಿರಬಹುದು, ಬೇರೆ ಮದುವೆಯಾದ ತಾಯಿಯನ್ನು ನೋಡಲು ಹಿರಿಯರ ಅನುಮತಿಯನ್ನು ಕಾಯುತ್ತಿರುವವರಿರಬಹುದು. ಉಪಾಧ್ಯಾಯನು ಮೊದಲನೆಯ ಪಕ್ಷದಂತೆ ಹೇಳಿದರೆ ಆ ಮಗು ಏನನ್ನು ತಿಳಿದುಕೊಂಡು ಮನೆಗೆ ಹೋಗುತ್ತದೆ ಎಂಬುದನ್ನು ಯೋಚಿಸಬೇಕು. ಎರಡನೆಯ ಪಕ್ಷದಂತೆ ಹೇಳಿದರೂ ಆ ಮಗುವಿಗೆ ಸುಳ್ಳು ಹೇಳಿದಂತಾಗುತ್ತದೆ.

‘ಕಾದಂಬರಿ’ ಎಂಬ ಹೆಸರಿನಿಂದಲೇ ತೊಡಗೋಣ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಈ ಗದ್ಯಪ್ರಬಂಧಜಾತಿಗೆ ಸಂದಿರುವ ಹೆಸರು ಏಳನೆಯ ಶತಮಾನದ ಬಾಣಭಟ್ಟನ ಕಥೆಯದು; ನಾಗವರ್ಮನು ಅದನ್ನು ಚಂಪುವಾಗಿ ಕನ್ನಡಿಸಿ ನಮಗೆ ಬಹುಕಾಲದ ಹಿಂದೆಯೇ ಪರಿಚಯ ಮಾಡಿಕೊಟ್ಟನು. ಆ ಕಥೆ ಪುನಸ್ಸಮಾಗಮದ ಕಥೆಯೇ. ಚಂದ್ರಾಪೀಡನು ಪ್ರಾಣಬಿಟ್ಟ ಮೇಲೆ ಅವನ ಶರೀರವನ್ನು ಕಾದಂಬರಿ ಕಾಯುತ್ತ ಕುಳಿತಿರುತ್ತಾಳೆ. ಅವನ ತಂದೆತಾಯಿಗಳಾದ ತಾರಾಪೀಡ ವಿಲಾಸವತಿಯರೂ ರಾಜ್ಯವನ್ನು ಬಿಟ್ಟು ಬಂದು ಅಲ್ಲಿಯೇ ತಪಸ್ವಿಗಳಂತೆ ನೆಲಸುತ್ತಾರೆ. ಜನ್ಮಾಂತರಗಳು ಕಳೆದು ಎಲ್ಲರೂ ಕೂಡುತ್ತಾರೆ. ಆದರೆ ಬಾಣನು ಈ ಸಮಾಗಮವನ್ನು ಬರೆಯಲಿಲ್ಲ. ಪೂರ್ವಭಾಗವು ವಿರಹದ ನಡುವೆಯೇ ನಿಂತುಹೋಯಿತು. ತಂದೆ ತೀರಿಕೊಂಡ ಮೇಲೆ ಮಗನು ಉತ್ತರಭಾಗವನ್ನು ರಚಿಸಿ ಅಗಲಿದವರನ್ನು ಕೂಡಿಸಿದನು. ಉತ್ತರಭಾಗದ ಶೈಲಿ ಪೂರ್ವಭಾಗದ ಎತ್ತರಕ್ಕೆ ಏರಲಿಲ್ಲವೆಂಬ ಆಕ್ಷೇಪವನ್ನು ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗಲೇ ಕೇಳಿದ್ದೆವು. ಇರಬಹುದು. ಅಗಲಿಕೆಯನ್ನು ವರ್ಣಿಸುವುದಕ್ಕಿಂತ ಕೂಡುವಿಕೆಯನ್ನು ವರ್ಣಿಸುವುದು ಕಷ್ಟವೆಂಬುದಕ್ಕೂ ಇದು ನಿದರ್ಶನವಾಗುತ್ತದೆ.

ಕಷ್ಟಕ್ಕೆ ಕಾರಣವೇನೆಂದರೆ, ಸಮಾಗಮವು ಹಿಂದಿನ ಅಗಲಿಕೆಗೆ ಉತ್ತರವಾಗಬೇಕು. ಕರುಣಕ್ಕೂ ವಿಪ್ರಲಂಭಕ್ಕೂ ಇರುವ ಭೇದವನ್ನು ಭರತಮುನಿ ಒಂದೇ ಗುರುತಿನಿಂದ ತೋರಿಸಿಕೊಟ್ಟಿದ್ದಾನೆ: ಕರುಣವು ನಿರಪೇಕ್ಷಭಾವದ್ದು, ವಿಪ್ರಲಂಭವು ಸಾಪೇಕ್ಷಭಾವದ್ದು. ಮತ್ತೆ ಕಾಣುವೆವೆಂಬ ಆಸೆ ಇದ್ದರೆ ದುಃಖವು ವಿಪ್ರಲಂಭ. ಆ ಆಸೆ ಕಡಿದುಹೋದರೆ ಕರುಣ. ಸತ್ತವನು ಮರಳಿ ದೊರೆಯುವನೆಂಬ ನಂಬುಗೆಯಿಂದ ಬದುಕಿರುವವಳ ಸ್ಥಿತಿಗೆ ಕರುಣವಿಪ್ರಲಂಭವೆಂದು ಹೆಸರಿಟ್ಟು ಸಾಹಿತ್ಯದರ್ಪಣಕಾರನು ಪುಂಡರೀಕ ಮಹಾಶ್ವೇತೆಯರ ವೃತ್ತಾಂತವನ್ನೇ ಉದಾಹರಿಸಿದ್ದಾನೆ. ಇದೆಲ್ಲವೂ ನಾಯಕನಾಯಿಕೆಯರ ಮಾತಾಯಿತು, ತಾಯಿಮಕ್ಕಳ ವಿಷಯಕ್ಕೆ ಹೇಗೆ ಸಲ್ಲುವುದೆಂಬ ಶಂಕೆ ಬರಬಹುದು. ಪುತ್ರಾದಿಗಳನ್ನು ಆಲಂಬನವಾಗುಳ್ಳ ವತ್ಸಲವೆಂಬ ರಸವನ್ನು ಅದೇ ವಿಶ್ವನಾಥನು ಅಂಗೀಕರಿಸಿರುವುದರಿಂದ, ಅಗಲಿದ ವಾತ್ಸಲ್ಯಕ್ಕೂ ಈ ಸಾಪೇಕ್ಷ ನಿರಪೇಕ್ಷ ವಿಭಾಗವನ್ನು ಅನ್ವಯಿಸಿಕೊಳ್ಳಲು ಅಡ್ಡಿಯಿಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಭೇದವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗುರುತು ಹತ್ತುವುದು ಬೇರೆ, ಕೂಡುವುದು ಬೇರೆ. ರಾಘವಾಂಕನ ಹರಿಶ್ಚಂದ್ರನು ಶ್ಮಶಾನದಲ್ಲಿ ಹೆಂಡತಿಯನ್ನೂ ಸತ್ತ ಮಗನನ್ನೂ ಗುರುತಿಸಿದ ಮೇಲೂ ಸುಡುವ ತೆರೆಯನ್ನು ಕೇಳುವುದನ್ನು ಬಿಡುವುದಿಲ್ಲ. ಆ ಗಳಿಗೆಯಲ್ಲಿ ಗಂಡ, ಹೆಂಡತಿ, ಮಗ ಮೂವರೂ ಒಂದೇ ಸ್ಥಳದಲ್ಲಿದ್ದಾರೆ, ಒಬ್ಬರನ್ನೊಬ್ಬರು ಅರಿತೂ ಇದ್ದಾರೆ. ಕುಟುಂಬ ಮಾತ್ರ ಕೂಡಿಲ್ಲ. ನಡುವೆ ಧರ್ಮವೊಂದು ನಿಂತಿದೆ. ಅದು ತೀರುವವರೆಗೆ ಶಿವನೂ ಪ್ರತ್ಯಕ್ಷನಾಗನು. ಲಕ್ಷ್ಮೀಶನ ಬಭ್ರುವಾಹನನ ಕಥೆಯಲ್ಲಿ ಇದು ತಿರುಗುಮುರುಗಾಗಿದೆ. ಮಗನು ತಾನಾಗಿ ಬಂದು ಕಾಣಿಕೆಯೊಡನೆ ಅಡ್ಡಬಿದ್ದರೂ ಅರ್ಜುನನು ಅವನನ್ನು ಮಗನೆಂದು ಒಪ್ಪದೆ, ತಾಯಿಯ ಶೀಲವನ್ನೇ ಹಳಿಯುತ್ತಾನೆ. ಆ ಮಾತಿನ ಬೆಲೆಯನ್ನು ಮಗನ ಬಾಣಕ್ಕೆ ತಲೆಯೊಪ್ಪಿಸಿ ತೆರುತ್ತಾನೆ. ಭವಭೂತಿಯ ಉತ್ತರರಾಮಚರಿತವಂತೂ ಈ ವಿಷಯಕ್ಕೆ ಆಕರಗ್ರಂಥ. ವಾಲ್ಮೀಕಿಯ ಕಥೆಯಲ್ಲಿ ಸೀತೆ ಭೂಮಿಯನ್ನು ಸೇರುತ್ತಾಳೆ. ಭವಭೂತಿ ಅದನ್ನು ಬದಲಿಸಿ ಕೂಡಿಸಿದನು. ಆದರೆ ಸುಮ್ಮನೆ ಕೂಡಿಸಲಿಲ್ಲ. ಏಳನೆಯ ಅಂಕದಲ್ಲಿ ನಾಟಕದೊಳಗೊಂದು ನಾಟಕವನ್ನಿಟ್ಟು, ತಾನು ಕಾಡಿಗೆ ಕಳುಹಿಸಿದವಳು ಗಂಗೆಗೆ ಹಾರಿದ್ದನ್ನೂ ಅಲ್ಲಿ ಮಕ್ಕಳನ್ನು ಹೆತ್ತದ್ದನ್ನೂ ರಾಮನು ಪೌರರೆಲ್ಲರ ನಡುವೆ ಕುಳಿತು ನೋಡುವಂತೆ ಮಾಡಿದನು. ಮಗಳ ಪಕ್ಷವನ್ನು ಹಿಡಿದ ಭೂದೇವಿ ಅಳಿಯನನ್ನು ನಿಂದಿಸುವುದನ್ನೂ ಅವನು ಕೇಳಬೇಕಾಯಿತು. ಅನಂತರ ಅರುಂಧತಿ ಬಂದು, ಅಪವಾದವನ್ನು ಹುಟ್ಟಿಸಿದ ಆ ಪೌರರ ಎದುರಿನಲ್ಲಿಯೇ ಸೀತೆಯನ್ನು ಒಪ್ಪಿಸುತ್ತಾಳೆ. ಕಾಕತಾಲೀಯವಾಗಿ ಜಾತ್ರೆಯಲ್ಲಿ ಸಿಕ್ಕಿ, ಮಚ್ಚೆಯನ್ನೋ ಉಂಗುರವನ್ನೋ ನೋಡಿ ತಬ್ಬಿಕೊಳ್ಳುವ ಕಥೆಗಳಿಗೂ ಇದಕ್ಕೂ ಇರುವ ಅಂತರವಿದು. ಅಲ್ಲಿ ಅಗಲಿಕೆಗೆ ಯಾರೂ ಹೊಣೆಯಲ್ಲ. ಆದ್ದರಿಂದ ಕೂಡುವಾಗ ಯಾರೂ ಏನನ್ನೂ ತೆರಬೇಕಾದದ್ದಿಲ್ಲ.

ನಮ್ಮ ಸೀಮೆಯ ಮೂಲಕಥೆಯೂ ಇಂಥದೇ ಒಂದು ಸಮಾಗಮದ ಕಥೆ. ಋಷ್ಯಶೃಂಗನು ನೆಲಸಿದನೆಂಬ ಕಿಗ್ಗ ಶೃಂಗೇರಿಗೆ ಸಮೀಪದಲ್ಲಿದೆ. ಅವನ ತಂದೆ ವಿಭಾಂಡಕನು ಲಿಂಗೈಕ್ಯನಾದನೆಂದು ಹೇಳುವ ಮಲಹಾನಿಕರೇಶ್ವರನ ಗುಡಿ ಶೃಂಗೇರಿಯ ನಡುವಣ ಗುಡ್ಡದ ಮೇಲಿದೆ. ಮಳೆ ಬಾರದಿದ್ದರೂ, ಬಂದ ಮಳೆ ನಿಲ್ಲದಿದ್ದರೂ ಕಿಗ್ಗಕ್ಕೆ ಹೋಗಿ ಹರಕೆ ಹೊರುವ ನಾವು ಕಥೆಯ ಪೂರ್ವಾರ್ಧವನ್ನಷ್ಟೇ ಹೇಳಿಕೊಳ್ಳುವುದು ವಾಡಿಕೆ: ಹೆಣ್ಣನ್ನು ಕಂಡರಿಯದ ಋಷಿಕುಮಾರನನ್ನು ಅಂಗರಾಜನಾದ ಲೋಮಪಾದನು ವೇಶ್ಯೆಯರ ಮೂಲಕ ಕರೆತರಿಸಿದ್ದು, ಮಳೆಯಾದದ್ದು, ಶಾಂತೆಯೊಡನೆ ಮದುವೆಯಾದದ್ದು. ಮಗನನ್ನು ಕಾಣದೆ ಬಂದ ತಂದೆಯ ಕಥೆ ಮಹಾಭಾರತದ ವನಪರ್ವದಲ್ಲಿದೆ. ಕೋಪದಿಂದ ಉರಿಯುತ್ತ ಬರುವ ವಿಭಾಂಡಕನ ದಾರಿಯಲ್ಲಿ ಅರಸನು ದನಕರುಗಳನ್ನೂ ಉಳುವವರನ್ನೂ ಗೋಪಾಲರನ್ನೂ ನೆಲೆಗೊಳಿಸಿದ್ದನು. ಇವೆಲ್ಲ ಯಾರವೆಂದು ಮುನಿ ಕೇಳಿದಲ್ಲೆಲ್ಲ ‘ನಿಮ್ಮ ಮಗನವು’ ಎಂಬ ಉತ್ತರ. ಹಸಿದು ಬಂದವನಿಗೆ ಗೋಪಾಲರು ಉಪಚಾರ ಮಾಡುತ್ತಾರೆ. ಚಂಪಾನಗರಿಯನ್ನು ಮುಟ್ಟಿ ಮಗನನ್ನೂ ಸೊಸೆಯನ್ನೂ ಕಾಣುವ ಹೊತ್ತಿಗೆ ಕೋಪವು ಇಳಿದುಹೋಗಿತ್ತು. ಇದನ್ನು ಅರಸನ ಕಪಟವೆಂದು ಕರೆಯುವವರಿದ್ದಾರೆ; ನಮಗೆ ಹಾಗೆ ತೋರುವುದಿಲ್ಲ. ಮಗನಿಗೆ ತನ್ನನ್ನು ಬಿಟ್ಟು ಬೇರೊಂದು ಬದುಕು ಬಂದಿದೆ ಎಂಬುದನ್ನು ತಂದೆ ದಾರಿಯುದ್ದಕ್ಕೂ ಅಡಿಯಡಿಯಾಗಿ ತಿಳಿಯುತ್ತ ಬಂದನು. ಆದರೂ ಅವನು ಒಂದು ಕಟ್ಟಳೆಯನ್ನು ಹಾಕುತ್ತಾನೆ: ಮಗನೊಬ್ಬನು ಹುಟ್ಟಿದ ಮೇಲೆ ಕಾಡಿಗೆ ಹಿಂದಿರುಗಬೇಕು. ಋಷ್ಯಶೃಂಗನು ಹಾಗೆಯೇ ನಡೆದನು. ಅರಸುಮಗಳಾದ ಶಾಂತೆ ಅವನೊಡನೆ ಕಾಡಿಗೆ ಬಂದಳು. ಅರಸನಿಗೆ ವಂಶ, ಮುನಿಗೆ ಮಗ. ವಂಶವು ಮುಂದುವರಿದ ಮೇಲೆ ಮನುಷ್ಯನಿಗೆ ಬಿಡುಗಡೆಯೆಂಬುದು ಈ ಕಥೆಯ ತಳಹದಿ. ‘ವಂಶವೃಕ್ಷ’ದಲ್ಲಿ ಕೀಳಲ್ಪಟ್ಟದ್ದು ಈ ತಳಹದಿಯೇ.

ಕಾದಂಬರಿಯ ಕಥೆಯನ್ನು ವಿಸ್ತರಿಸಬೇಕಾದದ್ದಿಲ್ಲ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರು ವೇದಶಾಸ್ತ್ರಸಂಪನ್ನರು, ಆಸ್ತಿವಂತರು, ಆಚಾರವಂತರು. ಅವರ ಒಬ್ಬನೇ ಮಗನು ಕಪಿಲಾನದಿಯ ಪಾಲಾದನು. ಸೊಸೆ ಕಾತ್ಯಾಯನಿ, ಚೀನಿಯೆಂದು ಕರೆಯಲ್ಪಡುವ ಮೊಮ್ಮಗ, ಇಷ್ಟು ಉಳಿದದ್ದು. ಅವಳು ಮೈಸೂರಿಗೆ ಹೋಗಿ ಓದುವುದಕ್ಕೆ ಮಾವನೇ ಒಪ್ಪಿಗೆ ಕೊಡುತ್ತಾರೆ. ಅಲ್ಲಿ ಅವಳಿಗೆ ಅಧ್ಯಾಪಕನಾದ ರಾಜನ ಪರಿಚಯವಾಗಿ ಮದುವೆಯಾಗುತ್ತದೆ. ಮಗುವನ್ನು ಕರೆದುಕೊಂಡು ಹೋಗಲು ಅವಳು ನಂಜನಗೂಡಿಗೆ ಬರುವ ಸಂದರ್ಭವು ಗ್ರಂಥದ ನಾಭಿಸ್ಥಾನ. ಶ್ರೋತ್ರಿಯರು ಗದರುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಮಗು ಯಾವ ವಂಶಕ್ಕೆ ಸಂದದ್ದೆಂಬ ಪ್ರಶ್ನೆಯನ್ನು ಅವಳ ಮುಂದಿಟ್ಟು ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಅವಳು ಮಗುವನ್ನು ಬಿಟ್ಟು ಹಿಂದಿರುಗುತ್ತಾಳೆ.

ಇಲ್ಲಿ ಶ್ರೋತ್ರಿಯರು ನಿರ್ದೋಷಿಗಳೆಂದು ಹಲವರು ಓದುತ್ತಾರೆ. ಬಲಾತ್ಕಾರವಿಲ್ಲದ್ದರಿಂದ ದೋಷವಿಲ್ಲವೆಂಬುದು ಅವರ ವಾದ. ನಮ್ಮ ಓದು ಬೇರೆ. ನಿರ್ಣಯವನ್ನು ಅವಳಿಗೆ ಬಿಟ್ಟದ್ದು ನಿಜ. ಆದರೆ ಯಾವ ಪ್ರಶ್ನೆಗೆ ನಿರ್ಣಯ ಹೇಳಬೇಕೆಂಬುದನ್ನು ಅವಳಿಗೆ ಬಿಡಲಿಲ್ಲ. ‘ತಾಯಿಗೆ ಮಗುವೇ?’ ಎಂಬ ಪ್ರಶ್ನೆಯಾಗಿದ್ದರೆ ಉತ್ತರವೊಂದು, ‘ವಂಶಕ್ಕೆ ಮಗುವೇ?’ ಎಂಬ ಪ್ರಶ್ನೆಗೆ ಉತ್ತರ ಮತ್ತೊಂದು. ಪ್ರಶ್ನೆಯನ್ನು ಕಟ್ಟಿದವನು ಉತ್ತರದ ಅರ್ಧವನ್ನು ಹೇಳಿದಂತೆಯೇ ಎಂಬುದನ್ನು ವಾಕ್ಯಾರ್ಥಸಭೆಯಲ್ಲಿ ಒಮ್ಮೆಯಾದರೂ ಕುಳಿತವರು ಬಲ್ಲರು. ಪೂರ್ವಪಕ್ಷವನ್ನು ಎತ್ತುವ ರೀತಿಯಲ್ಲಿಯೇ ಪ್ರತಿವಾದಿಯ ಬಾಯಿ ಕಟ್ಟಿಹೋಗುತ್ತದೆ. ಶ್ರೋತ್ರಿಯರು ಕಪಟಿಗಳಲ್ಲ, ಅವರು ತಮ್ಮ ಪ್ರಶ್ನೆಯನ್ನು ಪೂರ್ಣವಾಗಿ ನಂಬಿದ್ದರು. ಅದೇ ಅಗಲಿಕೆಯ ಕಾರಣ.

ಅನಂತರದ ದೀರ್ಘವಾದ ಮಧ್ಯಭಾಗದಲ್ಲಿ ಹರಿಶ್ಚಂದ್ರನ ಶ್ಮಶಾನದ ಸ್ಥಿತಿ ಮರಳಿ ಬರುತ್ತದೆ. ಬೆಳೆದ ಮಗನು ಓದುವುದಕ್ಕೆ ಮೈಸೂರಿಗೆ ಬರುತ್ತಾನೆ. ತಾಯಿ ಅವನನ್ನು ಗುರುತಿಸುತ್ತಾಳೆ. ಮಗನ ಮನಸ್ಸು ಅವಳತ್ತ ಒಲಿಯುವುದಿಲ್ಲ. ಗುರುತುಂಟು, ಸಮಾಗಮವಿಲ್ಲ. ಭರತನ ಗುರುತಿನಿಂದ ಅಳೆದರೆ ಇಲ್ಲಿ ಅಪೂರ್ವವಾದ ಒಂದು ಭಾವಸ್ಥಿತಿ ಇದೆ. ತಾಯಿಯೂ ಬದುಕಿದ್ದಾಳೆ, ಮಗನೂ ಬದುಕಿದ್ದಾನೆ, ಇಬ್ಬರೂ ಒಂದೇ ಊರಿನಲ್ಲಿದ್ದಾರೆ. ಆದರೂ ಭಾವವು ನಿರಪೇಕ್ಷ. ಆಸೆ ಪಡುವುದಕ್ಕೆ ತನಗೆ ಅಧಿಕಾರವಿಲ್ಲವೆಂದು ಅವಳು ಎಂದೋ ಒಪ್ಪಿಕೊಂಡಿದ್ದಾಳೆ. ಬದುಕಿರುವವರ ನಡುವಣ ಕರುಣವಿದು.

ಈ ಭಾಗದಲ್ಲಿ ಗ್ರಂಥಕರ್ತರ ಮೇಲೆ ನಮಗೊಂದು ಆಕ್ಷೇಪವಿದೆ. ಕಾತ್ಯಾಯನಿಗೆ ಮತ್ತೆ ಮತ್ತೆ ಗರ್ಭಸ್ರಾವವಾಗುತ್ತದೆ. ಅದನ್ನು ಅವಳು ತನ್ನ ಪಾಪದ ಫಲವೆಂದು ಬಗೆದು ಕೃಶಳಾಗುತ್ತಾಳೆ. ಪಾತ್ರವು ಹಾಗೆ ಬಗೆಯುವುದು ಸಹಜ. ನಮ್ಮ ಮನೆಗಳಲ್ಲಿ ಹಾಗೆ ಬಗೆದು ಸವೆದ ಹೆಂಗಸರನ್ನು ಕಂಡಿದ್ದೇವೆ. ಆದರೆ ಕಥೆಯ ಘಟನೆಗಳೇ ಅವಳ ಭಾವನೆಗೆ ಸಾಕ್ಷಿ ಹೇಳುವಂತೆ ಜೋಡಿಸಲ್ಪಟ್ಟಿರುವುದು ಬೇರೆ ವಿಷಯ. ಒಂದು ಸಲವಾಗಿದ್ದರೆ ದೈವ, ಮರುಕಳಿಸಿದರೆ ಲೇಖಕ. ಇದೇ ಗ್ರಂಥದಲ್ಲಿ ಸದಾಶಿವರಾಯನು ತನ್ನ ಮಹಾಗ್ರಂಥದ ರಚನೆಗೆ ಸಹಾಯಕಳಾದ ಕರುಣರತ್ನೆಯನ್ನು ಎರಡನೆಯ ಹೆಂಡತಿಯಾಗಿ ವರಿಸುತ್ತಾನೆ. ಮೊದಲ ಹೆಂಡತಿ ನಾಗಲಕ್ಷ್ಮಿ ರಾಮನಾಮವನ್ನು ಬರೆಯುತ್ತ ದಿನ ಕಳೆಯುತ್ತಾಳೆ. ಆ ಒಡೆದ ಮನೆಯಲ್ಲಿ ಸಮಾಗಮದ ಪ್ರಶ್ನೆಯೇ ಹುಟ್ಟುವುದಿಲ್ಲ. ವಂಶದ ಹೆಸರಿನಲ್ಲಿ ಸದಾಶಿವರಾಯನನ್ನು ಯಾರೂ ಪ್ರಶ್ನಿಸುವುದೂ ಇಲ್ಲ. ದಂಡನೆಯ ಪಕ್ಷದವರಿಗೆ ಬಲ ಬರುವುದು ಈ ಜೋಡಣೆಯಿಂದ. ಆದರೆ ಆ ಪಕ್ಷವು ಗ್ರಂಥದ ಉತ್ತರಾರ್ಧದಲ್ಲಿ ನಡೆದ ಅತಿ ಮುಖ್ಯವಾದ ಸಂಗತಿಯನ್ನು ಕಾಣದೆ ಹೋಗುತ್ತದೆ.

ಆ ಸಂಗತಿ ಯಾವುದೆಂದರೆ, ಶ್ರೋತ್ರಿಯರಿಗೆ ತಮ್ಮ ಜನ್ಮದ ರಹಸ್ಯವು ತಿಳಿಯುವುದು. ಆಸ್ತಿ ಸೋದರನ ಪಾಲಿಗೆ ಹೋಗಬಾರದೆಂದು, ಅವರು ತಂದೆಯೆಂದು ತಿಳಿದಿದ್ದವರೇ ಪರಪುರುಷನ ಮೂಲಕ ತಮ್ಮ ಹೆಂಡತಿಯಲ್ಲಿ ಮಗನನ್ನು ಪಡೆದಿದ್ದರು. ಯಾವ ವಂಶದ ಹೆಸರಿನಿಂದ ಕಾತ್ಯಾಯನಿಯ ಮಡಿಲು ಬರಿದಾಯಿತೋ ಆ ವಂಶಕ್ಕೆ ಶ್ರೋತ್ರಿಯರೇ ಸೇರಿದವರಲ್ಲ. ಅವರ ಹೆಸರನ್ನು ಹೊತ್ತ ಮೊಮ್ಮಗನೂ ಅಲ್ಲ. ಪ್ರಶ್ನೆಯೇ ಬಿದ್ದುಹೋಯಿತು. ರಾಮನಿಗೆ ಗರ್ಭನಾಟಕವು ಏನನ್ನು ತೋರಿಸಿತೋ ಶ್ರೋತ್ರಿಯರಿಗೆ ಆ ಹಳೆಯ ವೃತ್ತಾಂತವು ಅದನ್ನು ತೋರಿಸಿತು.

‘ವಂಶ’ಶಬ್ದದ ಅರ್ಥವನ್ನು ಇಲ್ಲಿ ನೆನೆಯುವುದು ಅಪ್ರಕೃತವಲ್ಲ. ಪಾಣಿನಿಯ ಎರಡನೆಯ ಅಧ್ಯಾಯದ ಸಮಾಸಪ್ರಕರಣದಲ್ಲಿ ವಂಶ್ಯರನ್ನು ಕುರಿತು ಸೂತ್ರವಿದೆ. ಅಲ್ಲಿ ಕಾಶಿಕಾವೃತ್ತಿಕಾರರು ವಂಶವು ವಿದ್ಯೆಯಿಂದಲೂ ಜನ್ಮದಿಂದಲೂ ಎರಡು ಬಗೆಯಾಗಿ ಉಂಟಾಗುತ್ತದೆಂದು ವಿವರಿಸಿದ್ದಾರೆ. ಶ್ರೋತ್ರಿಯರ ಜನ್ಮವಂಶ ಕಡಿದರೂ ವಿದ್ಯಾವಂಶ ಕಡಿಯಲಿಲ್ಲ. ಚೀನಿಗೆ ಅವರು ಕೊಟ್ಟದ್ದು ಆಮೇಲೆ ನೋಡಿದರೆ ಅದೇ. ವಂಶವೆಂದರೆ ಬಿದಿರೆಂಬ ಅರ್ಥವೂ ಉಂಟಷ್ಟೆ. ಅಮರಸಿಂಹನು ಅದನ್ನು ತೃಣಧ್ವಜವೆಂದು ಕರೆದು ಹುಲ್ಲಿನ ಜಾತಿಗೆ ಸೇರಿಸಿದ್ದರಿಂದ ‘ವಂಶವೃಕ್ಷ’ವೆಂಬ ಸಮಾಸದ ಬಗ್ಗೆ ವೈಯಾಕರಣನೊಬ್ಬನು ಹಾಸ್ಯವಾಡಬಹುದು. ನಮ್ಮ ಮಲೆನಾಡಿನವರಿಗಾದರೋ ಬಿದಿರು ಒಮ್ಮೆಗೇ ಹೂಬಿಟ್ಟು, ಅಕ್ಕಿ ಸುರಿದು, ಮೆಳೆಗೆ ಮೆಳೆಯೇ ಒಣಗುವುದೂ, ಉದುರಿದ ಬೀಜದಿಂದ ಅದೇ ನೆಲದಲ್ಲಿ ಹೊಸದು 
ಏಳುವುದೂ ಪರಿಚಿತ.

ನೆರೆಯ ಗ್ರಂಥಗಳನ್ನೂ ಇಲ್ಲಿ ತುಸು ನೋಡಬಹುದು. ೧೯೦೪ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದ ಕುವೆಂಪುರವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯಲ್ಲಿ ತಿರುಪತಿ ಯಾತ್ರೆಗೆ ಹೋದ ದೊಡ್ಡಣ್ಣಹೆಗ್ಗಡೆ ಹಿಂದಿರುಗುವುದಿಲ್ಲ. ಹೆಂಡತಿ ರಂಗಮ್ಮನು ಕಾದು ಕಾದು ಬುದ್ಧಿ ಕೆಡುತ್ತಾಳೆ. ಅಲ್ಲಿ ಸಮಾಗಮವಿಲ್ಲ, ಆಸೆಯೂ ಸಾಯುವುದಿಲ್ಲ. ಭ್ರಾಂತಿಯ ರೂಪದಲ್ಲಿ ಉಳಿದ ಸಾಪೇಕ್ಷಭಾವವದು. ಹಿಂದೆ ಎಡೇಹಳ್ಳಿಯೆನಿಸಿದ್ದ ನರಸಿಂಹರಾಜಪುರವನ್ನು ತಮ್ಮ ಊರೆಂದು ಹೇಳಿಕೊಳ್ಳುತ್ತಿದ್ದ ಶ್ರೀಮತಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಇದಕ್ಕೆ ವಿರುದ್ಧವಾದ ತುದಿ. ಬಾಲವಿಧವೆಯಾದ ಆಕೆ ಮನೆಯನ್ನು ಬಿಟ್ಟು ಹೋಗಲೇ ಇಲ್ಲ. ಎಲ್ಲರ ಬಾಣಂತನಕ್ಕೂ ಬೇಕಾದವಳಾಗಿ ನೂರು ವರ್ಷ ಮೀರಿ ಬದುಕಿದಳು. ಕುಟುಂಬವು ಆಕೆಯನ್ನು ಅಗಲಲಿಲ್ಲ, ಆಕೆ ಕುಟುಂಬವನ್ನು ಅಗಲಲಿಲ್ಲ. ಆಕೆಗೆ ತನ್ನದೆಂಬ ಮಗು ಮಾತ್ರ ಇರಲಿಲ್ಲ. ಕಾತ್ಯಾಯನಿ ನಂಜನಗೂಡಿನಲ್ಲಿಯೇ ಉಳಿದಿದ್ದರೆ ಫಣಿಯಮ್ಮನಂತಾಗುತ್ತಿದ್ದಳೆಂದು ಹೇಳಿ ಸಮಾಧಾನಪಡುವವರು, ಫಣಿಯಮ್ಮನು ತಾನು ಅನುಭವಿಸಿದ್ದನ್ನು ಇತರ ಹೆಣ್ಣುಮಕ್ಕಳಿಗೆ ಬಯಸಲಿಲ್ಲವೆಂಬುದನ್ನು ಮರೆಯಬಾರದು. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರನೆಯ ತಲೆಮಾರಿನ ರಾಮನು ಕರಾವಳಿಯ ತನ್ನ ಹಳ್ಳಿಗೆ ಹಿಂದಿರುಗಿ ತಾಯಿ ನಾಗವೇಣಿಯೊಡನೆ ನೆಲಸುವುದುಂಟು, ಅದು ನಿಜವಾಗಿ ಬೆಚ್ಚನೆಯ ಸಮಾಗಮ. ಆದರೆ ಅಲ್ಲಿ ತಾಯಿಮಕ್ಕಳ ಮನಸ್ಸುಗಳು ಎಂದೂ ಅಗಲಿದ್ದಿಲ್ಲ, ಮನೆಯನ್ನು ನೆಲವನ್ನು ಕಳೆದುಕೊಂಡಿದ್ದರು ಅಷ್ಟೆ.

ಇನ್ನು ಕಡೆಯ ಪ್ರಕರಣ. ಶ್ರೋತ್ರಿಯರು ತಮ್ಮದಲ್ಲದ ಆಸ್ತಿಯನ್ನು ದಾನಮಾಡಿ, ಸಂನ್ಯಾಸಕ್ಕೆಂದು ಮನೆಯನ್ನು ಬಿಡುತ್ತಾರೆ. ಹೋಗುವವರು ಕಾತ್ಯಾಯನಿಯನ್ನು ಕಾಣುತ್ತಾರೆ, ಅವಳು ಮರಣಶಯ್ಯೆಯಲ್ಲಿದ್ದಾಳೆ. ಇವಳು ನಿನ್ನ ತಾಯಿಯೆಂದು ಅವರು ಮೊಮ್ಮಗನಿಗೆ ಹೇಳುತ್ತಾರೆ. ಮಗನಾಗಿ ಮಾಡತಕ್ಕ ಕಡೆಯ ಕರ್ತವ್ಯವನ್ನು ಚೀನಿ ಮಾಡುತ್ತಾನೆ. ಇಷ್ಟೇ ನಡೆಯುವುದು.

ಶೃಂಗೇರಿಯ ಪರಿಸರದಲ್ಲಿ ಬೆಳೆದವರಿಗೆ ಇದನ್ನು ಓದುವಾಗ ಶಂಕರಾಚಾರ್ಯರ ಚರಿತ್ರೆ ನೆನಪಿಗೆ ಬಾರದಿರದು. ಕಡೆಗಾಲಕ್ಕೆ ಬರುವೆನೆಂದು ಮಾತು ಕೊಟ್ಟು ತಾಯಿಯಿಂದ ಸಂನ್ಯಾಸಕ್ಕೆ ಅನುಮತಿ ಪಡೆದ ಮಗನು, ಆ ಮಾತಿನಂತೆ ಕಾಲಟಿಗೆ ಬಂದು, ನೆಂಟರು ನೆರವಾಗದಿದ್ದರೂ ಯತಿಗೆ ವಿಹಿತವಲ್ಲದ ಸಂಸ್ಕಾರವನ್ನು ತಾನೇ ಮಾಡಿದನೆಂದು ಮಾಧವೀಯ ಶಂಕರವಿಜಯವು ಹೇಳುತ್ತದೆ. ಸರ್ವಸಂಗಗಳನ್ನು ಬಿಟ್ಟವನಿಗೂ ಆ ಒಂದು ಋಣವು ಉಳಿಯಿತು. ‘ವಂಶವೃಕ್ಷ’ದಲ್ಲಿ ಅದರ ಮತ್ತೊಂದು ಮುಖವಿದೆ. ಸಂನ್ಯಾಸಕ್ಕೆ ಹೊರಟವನು ತೀರಿಸಬೇಕಾದದ್ದು ತನ್ನ ತಾಯಿಯ ಋಣವನ್ನಲ್ಲ; ತಾನು ಅಗಲಿಸಿದ ತಾಯಿಯ ಋಣವನ್ನು. ಮಗನನ್ನು ಅವಳಿಗೆ ಒಪ್ಪಿಸದೆ ಅವರ ತ್ಯಾಗವು ಪೂರ್ಣವಾಗುತ್ತಿರಲಿಲ್ಲ. ಆಸ್ತಿಯನ್ನು ಬಿಟ್ಟದ್ದು ಸುಲಭ; ಮೊಮ್ಮಗನ ಮೇಲಣ ವಂಶದ ಹಕ್ಕನ್ನು ಬಿಟ್ಟದ್ದು ಈ ಒಂದು ಮಾತಿನಲ್ಲಿ. ವಂಶದ ಅಭಿಮಾನ ಉಳಿದಿದ್ದವರೆಗೆ ಆ ಮಾತು ಅವರ ಬಾಯಿಂದ ಹೊರಡುವುದು ಸಾಧ್ಯವಿರಲಿಲ್ಲ.

ಹೀಗೆ ಓದಿದರೆ ರಸದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಬದುಕಿದ್ದಾಗ ನಿರಪೇಕ್ಷವಾಗಿದ್ದ ತಾಯಿಯ ಭಾವವು ಸಾಯುವಾಗ ಸಾಪೇಕ್ಷವಾಗುತ್ತದೆ. ಶಾಸ್ತ್ರದಲ್ಲಿ ಕಾಣುವ ಕ್ರಮವು ಇಲ್ಲಿ ತಲೆಕೆಳಗಾಗಿದೆ. ನಿರ್ವಹಣಸಂಧಿಯಲ್ಲಿ ಅದ್ಭುತವಿರಬೇಕೆಂದು ಭರತನು ವಿಧಿಸಿದನು. ಆ ಅದ್ಭುತವು ಇಲ್ಲಿ ಕಾತ್ಯಾಯನಿಗೆ ಮಗ ದೊರೆತದ್ದರಲ್ಲಿ ಇಲ್ಲ, ಶ್ರೋತ್ರಿಯರು ಹಾಗೆ ಹೇಳಿದ್ದರಲ್ಲಿದೆ. ಓದುಗನ ಚಿತ್ತವು ಕರಗುವುದಕ್ಕೆ ಕರುಣವೊಂದೇ ಕಾರಣವಲ್ಲ. ಕರುಣದೊಡನೆ ಶಾಂತವು ಅದೇ ಗಳಿಗೆಯಲ್ಲಿ ಬಂದು ಸೇರುತ್ತದೆ. ದುಃಖದಲ್ಲಿ ಮುಗಿದ ಗ್ರಂಥವನ್ನು ಓದಿ ಎದ್ದವನಿಗೂ ಬೆಚ್ಚಗಾದ ಅನುಭವವಾಗುವುದು ಇದರಿಂದಲೇ ಎಂದು ನಮ್ಮ ನಿರ್ಣಯ. ದಂಡನೆಯ ಪಕ್ಷವು ಕಾತ್ಯಾಯನಿಯ ಮುಖವನ್ನು ಮಾತ್ರ ನೋಡಿತು. ಮಂಗಳದ ಪಕ್ಷವು ಚೀನಿಯ ಕೈಯನ್ನು ಮಾತ್ರ ನೋಡಿತು. ಮಾತನಾಡಿದವರು ಮೂರನೆಯವರು.

ಆದರೂ ಭವಭೂತಿಯನ್ನು ಓದಿದವನಿಗೆ ಒಂದು ಕೊರತೆ ಉಳಿಯುತ್ತದೆ. ಸೀತೆಗೆ ಎದ್ದು ನಿಂತು ಮಕ್ಕಳನ್ನು ಅಪ್ಪಿಕೊಳ್ಳುವ ಕಾಲ ದೊರೆಯಿತು. ಅಪವಾದ ಹೊರಿಸಿದವರು ತಲೆಬಾಗಿಸುವುದನ್ನು ಅವಳು ಕಂಡಳು. ಕಾತ್ಯಾಯನಿಗೆ ಆ ಕಾಲವನ್ನು ಗ್ರಂಥಕರ್ತರು ಕೊಡಲಿಲ್ಲ. ರಹಸ್ಯವು ಬಯಲಾಗುವುದಕ್ಕೂ ಅವಳು ಹಾಸಿಗೆ ಹಿಡಿಯುವುದಕ್ಕೂ ನಡುವೆ ಒಂದೆರಡು ವರ್ಷದ ಅಂತರವನ್ನಿಟ್ಟಿದ್ದರೆ ಕಥೆಗೆ ಹಾನಿಯೇನಿತ್ತೆಂದು ಕೇಳಬಹುದು. ಆಗ ಮಗನು ಅವಳ ಮನೆಯ ಜಗುಲಿಯಲ್ಲಿ ಕುಳಿತು ಊಟ ಮಾಡುವುದನ್ನು, ಅವಳೊಡನೆ ಮುನಿಸಿಕೊಳ್ಳುವುದನ್ನು, ಮತ್ತೆ ಬರುವುದನ್ನು ಬರೆಯಬೇಕಾಗುತ್ತಿತ್ತು. ಬಾಣನ ಮಗನಿಗೆ ಎದುರಾದ ಕಷ್ಟವೇ ಇದು. ಕೂಡಿದವರ ದಿನಚರಿಯನ್ನು ಬರೆಯುವ ಹೊಣೆಯನ್ನು ಮರಣವು ಲೇಖಕನಿಂದ ಇಳಿಸಿಬಿಡುತ್ತದೆ.

ಪಾಠ ಹೇಳುವ ಮಿತ್ರರಿಗೆ ಒಂದು ಸೂಚನೆ. ಕಡೆಯ ಪ್ರಕರಣವನ್ನು ತರಗತಿಯಲ್ಲಿ ಓದುವ ದಿನ, ಅದಕ್ಕೆ ಮುಂಚೆ ಕಾತ್ಯಾಯನಿ ಮಗುವನ್ನು ಕೇಳಲು ನಂಜನಗೂಡಿಗೆ ಬಂದ ಪ್ರಕರಣವನ್ನು ಮತ್ತೊಮ್ಮೆ ಓದಿಸಬೇಕು. ನಡುವಣದನ್ನೆಲ್ಲ ಆ ದಿನ ಮುಟ್ಟಬಾರದು. ಎರಡೂ ಕಡೆ ಅದೇ ಮಾವ, ಅದೇ ಸೊಸೆ, ಅದೇ ಮಗು. ಹೀಗೆ ಓದಿಸಿದಾಗ ಒಮ್ಮೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಈ ಮಾತನ್ನು ಅವತ್ತೇ ಹೇಳಬಹುದಿತ್ತಲ್ಲ, ಪಂಡಿತರೇ?” ಎಂದು ಕೇಳಿದಳು. ನಾವು ಉತ್ತರ ಹೇಳದೆ, ಮರುದಿನ ಎಲ್ಲರೂ ಬರೆದುಕೊಂಡು ಬರಬೇಕೆಂದು ಹೇಳಿ ಪುಸ್ತಕವನ್ನು ಮುಚ್ಚಿದೆವು.